ಎಡತೋಳಿನ ಭಕ್ತಿ

ಜಮಖಂಡಿಯ ಗುರುರಾಜರ ಎಡತೋಳಿನ ಮೇಲೆ ಎಂಟು ತಿಂಗಳಿಂದ ಒಂದು ಕಡತ ಬಾಕಿ ಇತ್ತು. ಕಾಗದದ ಕಡತವಲ್ಲ, ಚರ್ಮದ್ದು. ನಾಣ್ಯದಷ್ಟು ಅಗಲದ, ಸುತ್ತಲಿನ ಮೈಬಣ್ಣಕ್ಕಿಂತ ತುಸು ತಿಳಿಯಾದ ಮಚ್ಚೆ. ನರಕ ಚತುರ್ದಶಿಯ ದಿನ ಎಣ್ಣೆ ಹಚ್ಚುವಾಗ ಅದನ್ನು ಮೊದಲು ಕಂಡವರು ಅವರ ಹೆಂಡತಿ ಇಂದಿರಾಬಾಯಿ.

“ಏನ್ರೀ ಇದು? ತುರಸ್ತದೇನು?”

“ಇಲ್ಲ.”

“ನೋಯ್ತದೇನು?”

“ಇಲ್ಲ.”

“ಡಾಕ್ಟರಿಗೆ ತೋರಸೋಣು ನಡೀರಿ.”

“ಏನಂತ ತೋರಸಲಿ? ಡಾಕ್ಟರ್, ನನಗ ಏನೂ ಆಗಿಲ್ಲ, ಔಷಧ ಕೊಡ್ರಿ ಅನ್ಲೇನು?”

ಗುರುರಾಜರು ಸರಕಾರಿ ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಅರ್ಜಿದಾರ ತಾನೇ ಬಂದು ಮೇಜು ಗುದ್ದುವವರೆಗೆ ಯಾವ ಕಡತಕ್ಕೂ ತುರ್ತಿಲ್ಲ ಎಂಬುದು ಅವರ ಸೇವಾವಧಿಯ ಸಿದ್ಧಾಂತ. (ಈ ಸಿದ್ಧಾಂತದ ಕೃಪೆಯಿಂದ ಎಷ್ಟೋ ಹೊಲಗಳು ಇವತ್ತಿಗೂ ತೀರಿಹೋದ ಅಜ್ಜಂದಿರ ಹೆಸರಿನಲ್ಲೇ ಇವೆ.) ಮಚ್ಚೆ ಕೂಗಲಿಲ್ಲ, ಗುದ್ದಲಿಲ್ಲ. ಆದ್ದರಿಂದ ಅದು ಬಾಕಿ ಉಳಿಯಿತು. ಅದೂ ಅಲ್ಲದೆ ಅವರು ದಿನಾ ಸ್ನಾನವಾದ ಮೇಲೆ ಮೈತುಂಬ ಗೋಪಿಚಂದನದ ಮುದ್ರೆ ಹಚ್ಚಿಕೊಳ್ಳುವವರು. ಎಡತೋಳಿನ ಶಂಖಮುದ್ರೆ ಸರಿಯಾಗಿ ಮಚ್ಚೆಯ ನೆತ್ತಿಯ ಮೇಲೇ ಕೂಡುತ್ತಿತ್ತು. ದಿನಾ ಮೊಹರು ಬೀಳುವ ಕಡತದ ಮೇಲೆ ಯಾರಿಗೆ ಅನುಮಾನ ಬಂದೀತು?

ಇಂದಿರಾಬಾಯಿಗೆ ಬಂದಿತ್ತು. ಔಷಧದ ಅಂಗಡಿಯಿಂದ ಗಜಕರ್ಣದ ಮುಲಾಮು ತರಿಸಿದರು. ಎರಡು ಟ್ಯೂಬು ಮುಗಿದವು, ಮಚ್ಚೆ ಮುಗಿಯಲಿಲ್ಲ. “ಎರಡು ತಿಂಗಳಾತು, ಹೋಗವಲ್ದು” ಎಂದರೆ, “ಊಟ ಕೇಳಲಾರದ ಅತಿಥಿ, ಇರಲಿ ಬಿಡು” ಎಂದು ರಾಯರು ಪತ್ರಿಕೆ ಮಗುಚಿದರು.

ಹೀಗಿರಲು ಆಷಾಢದ ಏಕಾದಶಿ ಬಂತು. ಅಂದು ಮಠದಲ್ಲಿ ಸ್ವಾಮಿಗಳು ಹೋಮದ ಬೆಂಕಿಯಲ್ಲಿ ಕಾಯಿಸಿದ ಶಂಖ ಚಕ್ರಗಳ ಅಚ್ಚನ್ನು ಭಕ್ತರ ತೋಳಿಗೆ ಒತ್ತುತ್ತಾರೆ. ರಾಯರ ಬಲತೋಳಿಗೆ ಚಕ್ರ ಬಿತ್ತು. ರಾಯರು “ಅಯ್ಯಯ್ಯಪ್ಪಾ!” ಎಂದು ಒಂದು ಗೇಣು ಮೇಲೆ ಹಾರಿ ಇಳಿದರು. ಆಮೇಲೆ ಎಡತೋಳಿಗೆ ಶಂಖ ಬಿತ್ತು. ರಾಯರು ಕದಲಲಿಲ್ಲ. ಮುಖದ ಮೇಲೆ ಮಂದಹಾಸ ಬೇರೆ.

ಪಕ್ಕದಲ್ಲಿ ನಿಂತಿದ್ದ ನೆರೆಮನೆಯ ಧೀರೇಂದ್ರಾಚಾರ್ಯರು ಎಲ್ಲರಿಗೂ ಕೇಳುವಂತೆ ಉದ್ಗರಿಸಿದರು: “ನೋಡ್ರಿ, ಮುಖದಾಗ ಒಂದು ಗೆರಿ ಸುದ್ದಾ ಅಲುಗಲಿಲ್ಲ! ಭಕ್ತಿ ಅಂದ್ರ ಇದು!”

ಅಲ್ಲಿಂದ ನಾಲ್ಕು ದಿನ ಮಠದ ಕಟ್ಟೆಯ ಮೇಲೆ ಗುರುರಾಜರ ಉಪನ್ಯಾಸ ಮಾಲೆ ನಡೆಯಿತು. ವಿಷಯ: ದೇಹ ಬೇರೆ, ಆತ್ಮ ಬೇರೆ. ನಾಲ್ಕನೆಯ ದಿನ ಆ ಮಾಲೆಯನ್ನು ಮನೆಯಲ್ಲೂ ಉದ್ಘಾಟಿಸಿದಾಗ ಇಂದಿರಾಬಾಯಿ ಹುಬ್ಬು ಗಂಟಿಕ್ಕಿದರು.

“ಆತ್ಮ ಎಡಗಡೆ ಅಷ್ಟ ಬ್ಯಾರೆ ಆಗ್ಯದೇನು? ಬಲಗಡೆ ಹಾರಿದ್ರಂತಲ್ಲ!”

“ಮೊದಲು ಚಕ್ರ, ಆಮ್ಯಾಲೆ ಶಂಖ. ನಡುವ ಭಕ್ತಿ ಏರ್ತು.”

“ಚಹಾ ಬಿಸಿ ಆದ್ರ ಓಣಿಗೆಲ್ಲಾ ಕೇಳೂ ಹಂಗ ಒದರೋರು, ಅರ್ಧ ನಿಮಿಷದಾಗ ಋಷಿ ಆದ್ರಿ?”

ರಾಯರು ಅಜ್ಞಾನಿಗಳೊಡನೆ ವಾದ ಬೇಡವೆಂದು ಪತ್ರಿಕೆ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಯ ಧ್ವನಿ ಪಕ್ಕದಲ್ಲೇ ಕೇಳಿತು. ಆ ಧ್ವನಿಯಲ್ಲಿ ಜಗಳವಿರಲಿಲ್ಲ.

“ಏನ್ರೀ, ನಾ ಮಚ್ಚಿ ಮ್ಯಾಲೆ ಚಿವುಟಿದ್ದು ಗೊತ್ತಾತೇನು?”

“ಯಾವಾಗ?” ಎಂದರು ರಾಯರು.

ಇಂದಿರಾಬಾಯಿಯ ಹೆಬ್ಬೆರಳು, ತೋರುಬೆರಳು ಇನ್ನೂ ಅಲ್ಲೇ ಇದ್ದವು.

ಮರುದಿನ ಬೆಳಿಗ್ಗೆ ಇಬ್ಬರೂ ಸರಕಾರಿ ದವಾಖಾನೆಯಲ್ಲಿದ್ದರು. ಡಾಕ್ಟರ್ ಶೈಲಾ, ರನ್ನ ಬೆಳಗಲಿ ಎಂಬ ಊರಿನ ಕುರಿ ಸಾಕುವ ಮನೆತನದ ಹುಡುಗಿ. ಗೋಪಿಚಂದನ ಒರೆಸಿ, ರಾಯರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ತೋಳನ್ನು ಅಲ್ಲಲ್ಲಿ ಮುಟ್ಟುತ್ತ, “ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಸ್ರಿ” ಎಂದಳು. ಮಚ್ಚೆಯ ಹೊರಗೆ ಮುಟ್ಟಿದಾಗಲೆಲ್ಲ ರಾಯರ ಬೆರಳು ಸರಿಯಾಗಿ ಓಡಿತು. ಒಳಗೆ ಮುಟ್ಟಿದಾಗ ರಾಯರು ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತೇ ಇದ್ದರು. ಇಂದಿರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಡಾಕ್ಟರು ಮೊಣಕೈಯ ನರ ಮುಟ್ಟಿ ನೋಡಿ, ಬೆರಳುಗಳ ಬಲ ಪರೀಕ್ಷಿಸಿ, ಸಾವಕಾಶವಾಗಿ ಹೇಳಿದಳು.

“ಕುಷ್ಠದ ಸುರುವಾತ್ರಿ, ರಾಯರ.”

ರಾಯರು ಗೋಪಿಚಂದನ ಒರೆಸಿದ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡರು. ಬಾಯಿಂದ ಬಂದದ್ದು ಇಷ್ಟೇ: “ನಾ ದಿನಾ ಮಡಿಲೆ ಇರಾಂವ್ರೀ...”

“ಇದು ಕ್ರಿಮಿರೀ. ಅದಕ ಮಡಿ ಮೈಲಿಗಿ ಗೊತ್ತಾಗೂದಿಲ್ಲ. ಹೆದರಬ್ಯಾಡ್ರಿ, ಆರು ತಿಂಗಳು ಗುಳಿಗಿ ತಪ್ಪದ ತಗೊಂಡ್ರ ಪೂರ್ತಿ ವಾಸಿ ಆಗ್ತೈತಿ. ಗುಳಿಗಿ ಇಲ್ಲೇ ಪುಕ್ಕಟೆ ಕೊಡ್ತೀವಿ. ಬ್ಯಾರೆ ತಾಟು, ಬ್ಯಾರೆ ಖೋಲಿ ಏನೂ ಬ್ಯಾಡ. ಮನಿಯವರನ್ನೂ ಒಮ್ಮೆ ತಪಾಸ ಮಾಡ್ತೀನಿ, ಅಷ್ಟ.” ಅವಳು ಚೀಟಿ ಬರೆಯುತ್ತ ಗದರಿದಳು: “ನೋಯಾಕತ್ರ ಎಲ್ಲಾರೂ ಓಡಿ ಬರ್ತೀರಿ. ನೋವಿಲ್ಲ, ತುರಿಕಿ ಇಲ್ಲ, ವಾರಗಟ್ಟಲೆ ಹೋಗವಲ್ದು, ಮುಟ್ಟಿದ್ದು ತಿಳಿಯವಲ್ದು ಅಂದ್ರ ಮೊದಲು ಬರಬೇಕು. ಇನ್ನೂ ಬಿಟ್ಟಿದ್ರ ನರ ಕೆಟ್ಟು ಬೆರಳು ಮಡಚಿಕೊಳ್ತಿದ್ದುವು. ನಮ್ಮಪ್ಪ ಜಕ್ಕಪ್ಪ ನೋಡ್ರಿ, ಕುರಿ ಮೈಮ್ಯಾಲೆ ಒಂದು ಕಲೆ ಕಂಡ್ರ ಎರಡ ದಿನದಾಗ ಹಿಡಿದು ಕೆಡವಿ ನೋಡ್ತಾನ. ನೀವು ಎಂಟು ತಿಂಗಳ್ರಿ!”

“ಕುರಿ ಹಿಡದ್ರ ಸಿಗ್ತದವ್ವಾ” ಎಂದರು ಇಂದಿರಾಬಾಯಿ.

ರಾಯರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಸಣ್ಣ ಧ್ವನಿಯಲ್ಲಿ ಏಕಾದಶಿಯ ಕಥೆಯನ್ನು ಅರುಹಿ ಕೇಳಿದರು: “ಹಂಗಾರ ಅದು ಭಕ್ತಿ ಅಲ್ಲೇನ್ರಿ?”

ಡಾಕ್ಟರು ನಗಲಿಲ್ಲ. “ಬಲತೋಳಿಂದು ಭಕ್ತಿ ಇರಬೇಕ್ರಿ. ಸುಟ್ಟ ಮ್ಯಾಲೂ ಇನ್ನೊಂದು ತೋಳು ಕೊಟ್ರಲ್ಲ.”

ರಾಯರ ಕಣ್ಣು ತೇವಗೊಂಡವು. ಇಂದಿರಾಬಾಯಿಯ ಮೈಮೇಲೆ ಏನೂ ಇಲ್ಲವೆಂದು ಡಾಕ್ಟರು ಹೇಳಿದಾಗ ಇನ್ನೂ ತೇವಗೊಂಡವು.

ಸಂಜೆ ಮಠದ ಕಟ್ಟೆಯ ಮೇಲೆ ಶ್ರೋತೃಗಳು ಐದನೆಯ ಉಪನ್ಯಾಸಕ್ಕೆ ಕಾದಿದ್ದರು. ರಾಯರು ಒಂದು ಸಲ ಕೆಮ್ಮಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ರೋಗದ ಹೆಸರನ್ನೂ ನುಂಗಲಿಲ್ಲ. ಒಂದಿಬ್ಬರು ದೂರ ಸರಿದು ಕೂತರು. ಧೀರೇಂದ್ರಾಚಾರ್ಯರು ಮಾತ್ರ ಹತ್ತಿರ ಸರಿದು, ಅತ್ತಿತ್ತ ನೋಡಿ, ಉತ್ತರೀಯ ಸರಿಸಿ ಬೆನ್ನು ತಿರುವಿದರು. “ರಾಯರ, ಇದೊಂದು ವರ್ಷದಿಂದ ಅದ. ಯಾರಿಗೂ ಹೇಳಿಲ್ಲ.” (ಅದು ಬರೀ ಗಜಕರ್ಣವೆಂದು ದವಾಖಾನೆಯಲ್ಲಿ ತಿಳಿಯಿತು.) ದೂರ ಸರಿದು ಕೂತವರಲ್ಲೂ ಒಬ್ಬರು ವಾರದೊಳಗೆ ಅಂಗಿ ಎತ್ತಿದರು. ಪಾದಕ್ಕೆ ನಮಸ್ಕಾರ ಬೀಳಬಹುದೆಂದು ಆಸೆಪಟ್ಟಿದ್ದ ರಾಯರಿಗೆ ಊರಿನವರ ಬೆನ್ನಿನ ದರ್ಶನ ಪ್ರಾಪ್ತವಾಯಿತು.

ಗುಳಿಗೆ ಒಂದು ದಿನವೂ ತಪ್ಪಲಿಲ್ಲ. ತಪ್ಪಿಸಲು ಇಂದಿರಾಬಾಯಿ ಬಿಡಬೇಕಲ್ಲ! ರೋಗ ಖಂಡಿತ ಹೋಗುತ್ತದೆ, ಮಚ್ಚೆಯ ಸ್ಪರ್ಶಜ್ಞಾನ ಮಾತ್ರ ತಡವಾಗಿ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಳು. ಇಂದಿರಾಬಾಯಿಗೆ ಬರಲೇಬೇಕೆಂಬ ಹಟ. ದಿನಾ ಸಂಜೆ ರಾಯರನ್ನು ಕುರ್ಚಿಯಲ್ಲಿ ಕೂಡಿಸಿ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟುವರು. ದಿನಾ ರಾಯರು ಇಲ್ಲವೆಂದು ತಲೆಯಾಡಿಸುವರು. ದಿನಾ ಇಂದಿರಾಬಾಯಿಯ ಮುಖ ಅಷ್ಟಿಷ್ಟು ಬಾಡುವುದು.

ನಾಲ್ಕನೆಯ ತಿಂಗಳಿನ ಒಂದು ಸಂಜೆ ಕಣ್ಣು ಮುಚ್ಚಿ ಕೂತ ರಾಯರಿಗೆ ಆ ಬಾಡುವ ಮುಖ ಕಣ್ಣೊಳಗೇ ಕಂಡಿತು. ಇವಳು ಚಿವುಟಿರದಿದ್ದರೆ ತನ್ನ ಕೈ ಏನಾಗುತ್ತಿತ್ತು? ಇಂಥವಳಿಗೆ ಒಂದು ದಿನವಾದರೂ ಸಂತೋಷ ಕೊಡಬೇಡವೆ? ರಾಯರು ಹತ್ತಿ ತಗುಲುವಷ್ಟು ಹೊತ್ತು ಅಂದಾಜಿನ ಮೇಲೆ ಕಾದು, ಗದ್ಗದ ಕಂಠದಿಂದ ಘೋಷಿಸಿದರು:

“ಗೊತ್ತಾತು, ಇಂದಿರಾ! ಖರೇನ ಗೊತ್ತಾತು! ನವಿಲುಗರಿ ಆಡಿಸಿದಂಗ ಆತು ನೋಡು! ನಿನ್ನ ಉಪಕಾರ ನಾ ಹೆಂಗ ತೀರಸಲಿ?”

ಉತ್ತರ ಅಡುಗೆಮನೆಯಿಂದ ಬಂತು.

“ತಡೀರಿ, ಹತ್ತಿ ಎಲ್ಲಿಟ್ಟೀನಂತ ಇನ್ನೂ ಹುಡುಕಲಿಕ್ಕತ್ತೇನಿ!”