ಕುದಿಸಿದ ಹಲ್ಲು

ಹಲ್ಲನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟು ಕೈತೊಳೆಯಲು ಹೋಗಿದ್ದೇ ತಪ್ಪಾಯಿತು.

ಆ ಹಲ್ಲಿಗೊಂದು ಕತೆಯಿದೆ. ನಮ್ಮ ನಗಿಸಪ್ಪ ಶಾಲೆಯಲ್ಲಿದ್ದಾಗ ಬೆಂಚಿನಿಂದ ಬಿದ್ದು ಮುಂದಿನ ಹಲ್ಲೊಂದನ್ನು ಕಳೆದುಕೊಂಡಿದ್ದ. ದೊಡ್ಡವನಾದ ಮೇಲೆ ಅಕ್ಕಪಕ್ಕದ ಎರಡು ಹಲ್ಲುಗಳ ಆಸರೆಯಲ್ಲಿ ಅಲ್ಲೊಂದು ಕಟ್ಟಿಸಿದ ಹಲ್ಲು ಬಂತು. ಉಳಿದವೋ, ಬಸ್ಸಿಗೆ ಕಾಯುವವರ ಹಾಗೆ ಒಂದೊಂದು ಕಡೆ ಮುಖ ಮಾಡಿ ನಿಂತಿದ್ದವು. ಫೋಟೋ ಸ್ಟುಡಿಯೋ ಇಟ್ಟು ಬಂದವರಿಗೆಲ್ಲ "ಸ್ವಲ್ಪ ನಗಿ, ಇನ್ನೂ ಸ್ವಲ್ಪ" ಎಂದು ಹೇಳೀ ಹೇಳೀ ಆ ಹೆಸರು ಸಂಪಾದಿಸಿದವನು, ತಾನು ಮಾತ್ರ ಒಂದು ಫೋಟೋದಲ್ಲೂ ಬಾಯಿ ಬಿಟ್ಟವನಲ್ಲ. ಅಪ್ಪಿತಪ್ಪಿ ಬಿಟ್ಟರೂ ಇರಲಿ ಎಂದು, ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ತಿದ್ದಮ್ಮನಿಗೆ ಹತ್ತು ವರ್ಷದ ಹಿಂದೆಯೇ ಅಪ್ಪಣೆಯಾಗಿತ್ತು: "ನನ್ ಹಲ್ಲು ಕಂಡ್ರೆ ಕೇಳೋಕೆ ಬರ್ಬೇಡಿ, ತುಟಿ ಮುಚ್ಚಿಸಿಬಿಡಿ."

ಹೆಂಡತಿಗೆ ಅದೊಂದೇ ಕೊರಗು. "ಮದುವೆ ಫೋಟೋ ನೋಡಿದ್ರೆ ನಿಮ್ಮನ್ನ ಯಾರೋ ಹಿಡ್ಕೊಂಡು ಬಂದು ಕೂರಿಸಿದ ಹಾಗಿದೆ" ಎನ್ನುತ್ತಿದ್ದಳು. ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ದಿನ ಹಲ್ಲು ಬಿಟ್ಟು ನಕ್ಕೇ ಫೋಟೋ ತೆಗೆಸಿಕೊಳ್ಳುತ್ತೇನೆಂದು ಅವಳಿಗೆ ಮಾತು ಕೊಟ್ಟು ಅವನು ಹಲ್ಲಿನ ಡಾಕ್ಟರಮ್ಮನ ಬಳಿ ಹೋದ.

"ಕಟ್ಟಿದ ಹಲ್ಲು ಪಕ್ಕದ ಎರಡನ್ನೂ ಹಿಡ್ಕೊಂಡಿದೆ. ಮೂರೂ ಒಂದೇ ಗಂಟು, ಜರುಗೋದಿಲ್ಲ. ಮೊದಲು ಅದನ್ನ ಕತ್ತರಿಸಿ ತೆಗೀಬೇಕು" ಎಂದರು ಆಕೆ.

ತೆಗೆದರು. ಹಲ್ಲುಗಳ ಮೇಲೆ ಕೂತು ಅವನ್ನು ಸಾಲಿಗೆ ತಳ್ಳುವ, ಗಾಜಿನಂಥ ಪ್ಲಾಸ್ಟಿಕ್ ಅಲೈನರ್ ಕೊಟ್ಟರು. ಎರಡು ವಾರಕ್ಕೊಮ್ಮೆ ಹೊಸದು. ಖಾಲಿ ಜಾಗ ಕಾಣದಿರಲೆಂದು ಅದರೊಳಗೇ ಹಲ್ಲಿನ ಬಣ್ಣ ತುಂಬಿದ್ದರು. ಹಾಕಿಕೊಂಡರೆ ಹಲ್ಲು, ಊಟಕ್ಕೆ ತೆಗೆದರೆ ಕಿಟಕಿ. ವರ್ಷದೊಳಗೆ ಹಲ್ಲೆಲ್ಲ ಸಾಲಿಗೆ ಬಂದವು. ನಾಳೆ ಹೊಸ ಹಲ್ಲು ಕೂರಿಸುವುದು. ಇವತ್ತು ಸಂಜೆ ಐದಕ್ಕೆ ಫೋಟೋ.

ಊಟಕ್ಕೆಂದು ಅದನ್ನು ತೆಗೆದಿಟ್ಟು, ಕೈತೊಳೆದು ಬಂದು ನೋಡುತ್ತಾನೆ, ಮೇಜು ಲಕಲಕ ಹೊಳೆಯುತ್ತಿದೆ. ಪಕ್ಕದಂಗಡಿಯ ಟೈಲರ್ ಬಟ್ಟೆ ಹಿಡಿದು ನಿಂತಿದ್ದಾನೆ. ಬೇರೆಯವರ ಅಂಗಡಿಯ ಕಸ ಕಂಡರೂ ಅವನಿಗೆ ಕೈ ತುರಿಸುತ್ತದೆ.

"ಇಲ್ಲೊಂದು ಟಿಶ್ಯೂ ಇತ್ತಲ್ಲ?" ನಗಿಸಪ್ಪ ಬಾಯಿಗೆ ಕರ್ಚೀಫು ಅಡ್ಡ ಹಿಡಿದು ಕೇಳಿದ.

"ಬುಟ್ಟಿ ತುಂಬಿತ್ತು, ಬೀದಿ ತೊಟ್ಟಿಗೇ ಸುರಿದು ಬಂದೆ. ಯಾಕಣ್ಣ, ಹಲ್ಲು ನೋವಾ?"

"ನೋವಲ್ಲಪ್ಪ, ಹಲ್ಲೇ ಇಲ್ಲ! ಅದರೊಳಗಿತ್ತು!"

ಇಬ್ಬರೂ ಬಿದ್ದೆನೋ ಎದ್ದೆನೋ ಎಂದು ಓಡಿದರು. ತೊಟ್ಟಿಗೆ ತಲೆ ಹಾಕಿದ್ದ ಟೈಲರನನ್ನು ಔಷಧಿ ಅಂಗಡಿಯವನು ವಿಚಾರಿಸಿದ.

"ಅಣ್ಣನ ಹಲ್ಲು ಬಿದ್ದೋಗಿದೆ!"

"ಚಿನ್ನದ್ದಾ?"

ಆ ಪ್ರಶ್ನೆ ಬೀದಿಯ ಆ ತುದಿ ಮುಟ್ಟುವ ಹೊತ್ತಿಗೆ ಉತ್ತರವಾಗಿತ್ತು. ಹದಿನಾಲ್ಕು ಜನ ತೋಳೇರಿಸಿ ಬಂದರು. ಕೊನೆಗೆ ಸಿಕ್ಕಿದ್ದು ಟೈಲರನ ಕೈಗೇ. ಚಿನ್ನವಲ್ಲ, ಪ್ಲಾಸ್ಟಿಕ್ಕು ಎಂದು ತಿಳಿದು ಉಳಿದವರು ಮೋಸ ಹೋದವರಂತೆ ನಗಿಸಪ್ಪನನ್ನೇ ದುರುಗುಟ್ಟಿ ನೋಡಿದರು.

"ತೊಟ್ಟಿಗೆ ಬಿದ್ದಿದ್ದನ್ನ ಹಾಗೇ ಬಾಯಿಗಿಟ್ಕೋತೀಯಾ? ಇರು, ತೊಳ್ಕೊಂಡು ಬರ್ತೀನಿ" ಎಂದು ಟೈಲರ್ ಅದನ್ನು ಒಯ್ದ. ಹತ್ತು ನಿಮಿಷ ಬಿಟ್ಟು ಹೆಮ್ಮೆಯಿಂದ ತಂದ. "ಕೊತಕೊತ ಕುದಿಸಿದೀನಣ್ಣ. ಒಂದು ಕ್ರಿಮಿ ಇದ್ರೆ ಕೇಳು!"

ಕ್ರಿಮಿಯಿರಲಿಲ್ಲ. ಹಲ್ಲಿನ ಆಕಾರವೂ ಇರಲಿಲ್ಲ. ಅಲೈನರ್ ಒಣಗಿದ ಎಲೆಯ ಹಾಗೆ ಮುರುಟಿತ್ತು. ನಗಿಸಪ್ಪನಿಗೆ ಅಳುವೇ ಬಂತು.

ಡಾಕ್ಟರಮ್ಮನಿಗೆ ಫೋನು ಹೋಯಿತು. "ಹಿಂದಿನದು ಇಟ್ಕೊಂಡಿದೀರಾ?"

ಇಟ್ಟುಕೊಳ್ಳದೆ ಉಂಟೇ? ಹಳೆಯ ನೆಗೆಟಿವ್‌ಗಳ ಪಕ್ಕದಲ್ಲೇ ಎಲ್ಲವನ್ನೂ ತಾರೀಕು ಬರೆದು ಜೋಡಿಸಿದ್ದ.

"ಅದನ್ನ ಹಾಕ್ಕೊಳ್ಳಿ. ಪೂರ್ತಿ ಕೂರೋದಿಲ್ಲ, ನಾಳೆವರೆಗೆ ಸಾಕು. ಮೆಲ್ಲಗೆ ನಗಿ. ಜೋರಾಗಿ ನಕ್ಕರೆ ನಾನು ಜವಾಬ್ದಾರಳಲ್ಲ."

ಐದಕ್ಕೆ ಸರಿಯಾಗಿ ಹೆಂಡತಿ ಬಂದಳು. ನಗಿಸಪ್ಪ ಅವಳ ಪಕ್ಕ ಕೂತು, ಅಳತೆ ಮಾಡಿದಂತೆ ಎಂಟೇ ಎಂಟು ಹಲ್ಲು ತೋರಿಸಿ ನಕ್ಕ. ತಿದ್ದಮ್ಮ ಗುಂಡಿ ಒತ್ತಿದಳು.

"ಇಷ್ಟು ಚೆಂದದ ನಗು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು. ಅವನ ಎದೆಯೂ ತುಂಬಿತು.

ಅರ್ಧ ಗಂಟೆಯಲ್ಲಿ ತಿದ್ದಮ್ಮ ಕಟ್ಟು ಹಾಕಿದ ದೊಡ್ಡ ಫೋಟೋ ತಂದು ಮುಂದಿಟ್ಟಳು. ಹೆಂಡತಿ ನಗುತ್ತಿದ್ದಾಳೆ. ಪಕ್ಕದಲ್ಲಿ ನಗಿಸಪ್ಪ, ತುಟಿಗೆ ಅಂಟು ಹಾಕಿದಂತೆ ಗಪ್‌ಚಿಪ್ಪಾಗಿ ಕೂತಿದ್ದಾನೆ.

"ತಿದ್ದಮ್ಮಾ! ನನ್ ಹಲ್ಲೆಲ್ಲಿ?"

"ಮುಚ್ಚಿಸ್ದೆ ಸಾರ್. ಕೇಳೋಕೆ ಬರ್ಬೇಡಿ ಅಂದಿದ್ರಲ್ಲ? ಒಂದಾ ಎರಡಾ, ಎಂಟು ಹಲ್ಲು! ನನ್ ಬೆರಳೇ ಬಿದ್ದೋಯ್ತು."

ಹೆಂಡತಿ ಫೋಟೋ ನೋಡಿದಳು, ಗಂಡನನ್ನು ನೋಡಿದಳು, ಕಿಸಕ್ಕನೆ ನಕ್ಕಳು. ನಗಿಸಪ್ಪ ಬೈಯಲು ಬಾಯಿ ತೆರೆದ. ಬೈಗುಳ ಬರಲಿಲ್ಲ, ನಗು ಬಂತು. ಇಪ್ಪತ್ತೈದು ವರ್ಷದ ಬಾಕಿ ನಗುವೆಲ್ಲ ಒಟ್ಟಿಗೇ ಬಂತು. ಹೊಟ್ಟೆ ಹಿಡಿದು ನಕ್ಕ ರಭಸಕ್ಕೆ ಅಲೈನರ್ ಚಟ್ಟನೆ ಹಾರಿ ಬಾಗಿಲಲ್ಲಿದ್ದ ಟೈಲರನ ಜೇಬಿಗೆ ಬಿತ್ತು. ಅಷ್ಟರಲ್ಲಿ ಹೆಂಡತಿ ಕ್ಯಾಮೆರಾ ಎತ್ತಿ ಕ್ಲಿಕ್ಕಿಸಿಯೇಬಿಟ್ಟಿದ್ದಳು.

ಕಣ್ಣು ಮುಚ್ಚಿದೆ, ಬಾಯಿ ಪೂರ್ತಿ ತೆರೆದಿದೆ, ನಟ್ಟನಡುವೆ ಕಿಟಕಿ.

"ಅಳಿಸು ಮಾರಾಯ್ತಿ! ನಾಳೆ ಹಲ್ಲು ಬಂದ್ಮೇಲೆ ಇನ್ನೊಂದು ತೆಗೆಯೋಣ" ಎಂದು ಅವನು ಅಂಗಲಾಚಿದ.

"ಬೇಡ. ನಂಗೆ ಇದೇ ಬೇಕು."

"ತುಟಿ ಮುಚ್ಚಿಸ್ಲಾ ಅಮ್ಮ?" ತಿದ್ದಮ್ಮ ಕೇಳಿದಳು.

"ಮುಟ್ಟಿ ನೋಡಿ, ಆಮೇಲೆ ನಾನಿದೀನಿ!"

ಮರುದಿನ ನಗಿಸಪ್ಪ ಹೊಸ ಹಲ್ಲು ಕೂರಿಸಿಕೊಂಡು, ದಾಳಿಂಬೆ ಬೀಜದಂಥ ಸಾಲು ತೋರಿಸುತ್ತ ಸ್ಟುಡಿಯೋಗೆ ಬಂದ. ಆ ಫೋಟೋ ಆಗಲೇ ಆಳೆತ್ತರವಾಗಿ ಮುಂದಿನ ಗಾಜಿನಲ್ಲಿ ನಿಂತಿತ್ತು. ಈಗ ಗಿರಾಕಿಗಳಿಗೆ ನಗಿ ಎಂದು ಹೇಳಬೇಕಾಗಿಲ್ಲ, ಬರುವಾಗಲೇ ನಗುತ್ತ ಬರುತ್ತಾರೆ. ಫೋಟೋ ತೆಗೆಸಿಕೊಂಡು ಹೋಗುವಾಗ ಮಾತ್ರ, ಅವನ ಹೊಸ ಹಲ್ಲಿನತ್ತ ನೋಡದೆ ಗಾಜಿನ ಕಡೆ ಬೆರಳು ತೋರಿಸಿ, ಮರೆಯದೆ ಕೇಳುತ್ತಾರೆ: "ಅಲ್ಲ ಸಾರ್, ಆ ಒಂದು ಹಲ್ಲು ಯಾವಾಗ ಕಟ್ಟಿಸ್ತೀರಿ?"