ಈಶಾನ್ಯ ಮೂಲೆಯ ಪಾಚಿಯೂ ಕೂರ್ಮಯಂತ್ರದ ದಿಗ್ವಿಜಯವೂ

ಕೇಳಿರಯ್ಯಾ, ಲಿಫ್ಟು ನಿಂತರೆ ವಾಟ್ಸಾಪಿನಲ್ಲಿ ಗುಡುಗುವ, ನಲ್ಲಿ ಸೋರಿದರೆ ಮಹಾಸಭೆ ಕರೆಯುವ ಈ ಯುಗದ ಸಮುಚ್ಚಯವಾಸಿಗಳೇ! ಓ ವಾಗ್ದೇವಿ, ಕ್ಲೋರಿನ್ನಿನ ವಾಸನೆಗೆ ಮೂಗು ಮುಚ್ಚಿಕೊಳ್ಳದೆ ನೀನೂ ಈ ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಕುಳಿತು ನನ್ನ ನಾಲಗೆಗೆ ಬಲ ಕೊಡು. ಮೈಸೂರು ಮಹಾನಗರದ ಪಶ್ಚಿಮ ದಿಗ್ಭಾಗದಲ್ಲಿ, ನಲವತ್ತೆಂಟು ಮನೆಗಳ ಹಂಸವಿಹಾರವೆಂಬ ಸಮುಚ್ಚಯದಲ್ಲಿ, ನೀಲಸ್ಫಟಿಕಸನ್ನಿಭವಾದ ಈಜುಕೊಳದ ದಡದಲ್ಲಿ ಒಂಬತ್ತು ದಿನ ಪರ್ಯಂತ ನಡೆದ ಘೋರಸಂಗ್ರಾಮವನ್ನು ನಾನೀಗ ಹೇಳಬೇಕಾಗಿದೆ.

ಆ ಸಂಗ್ರಾಮದ ನಾಯಕನು ನಿವೃತ್ತ ಎಂಜಿನಿಯರನೂ, ನಾಲ್ಕು ಜಿಲ್ಲೆಗಳ ಓವರ್‌ಹೆಡ್ ಟ್ಯಾಂಕುಗಳಿಗೆ ಜೀವಜಲವನ್ನೇರಿಸಿದ ಅಭಿನವ ಭಗೀರಥನೂ, ಸ್ಕ್ರೂಡ್ರೈವರ್ ಖಡ್ಗಧಾರಿಯೂ, ಸಂಘದ ಕಾರ್ಯದರ್ಶಿಯಾಗಿ ಎರಡು ಬಾರಿ ಅವಿರೋಧವಾಗಿ ಆಯ್ಕೆಯಾದವನೂ ಆದ ಶ್ರೀಕಂಠಸ್ವಾಮಿ. ಅವಿರೋಧ ಏಕೆಂದರೆ ಆ ಕೆಲಸಕ್ಕೆ ಬೇರೆ ಯಾರೂ ಬರಲೊಪ್ಪಲಿಲ್ಲ; ಆದರೆ ವೀರರ ಕಥೆಯಲ್ಲಿ ಅಂಥ ಸಣ್ಣ ಮಾತು ಎತ್ತಬಾರದು.

ಈತನ ದಿವ್ಯಾಸ್ತ್ರವೇ ಕೂರ್ಮಯಂತ್ರ. ಆಮೆಯಾಕಾರದ, ನಾಲ್ಕು ಚಕ್ರದ, ಉದ್ದನೆಯ ವೈರಿನ ಬಾಲವುಳ್ಳ ಈ ಯಂತ್ರವನ್ನು ನೀರಿಗೆ ಬಿಟ್ಟರೆ ಸಾಕು, ತಾನಾಗಿಯೇ ಕೊಳದ ತಳವೆಲ್ಲ ಸಂಚರಿಸಿ ಕಸಕಶ್ಮಲಗಳನ್ನು ಹೀರಿ ಹೊಟ್ಟೆಯ ಚೀಲದಲ್ಲಿ ತುಂಬಿಕೊಳ್ಳುತ್ತಿತ್ತು. ಅದು ಬರುವ ಮೊದಲು ಹದಿನೈದು ವರ್ಷ ಕೊಳವನ್ನು ಉಜ್ಜಿದವನು ಜವರಯ್ಯ. ಅವನೀಗ ತೋಟಕ್ಕೆ ನೀರು ಬಿಟ್ಟುಕೊಂಡು, ಉದ್ದ ಹಿಡಿಯ ತನ್ನ ಬ್ರಷ್ಷನ್ನು ಪಂಪಿನ ಕೋಣೆಯ ಗೋಡೆಗೆ ಒರಗಿಸಿ, ಯಂತ್ರದ ಪರಾಕ್ರಮವನ್ನು ಬೀಡಿ ಸೇದುತ್ತ ನೋಡುತ್ತಿದ್ದ.

ಹೀಗಿರಲು ಆಯುಧಪೂಜೆ ಬಂತು. ಮೈಸೂರಿನಲ್ಲಿ ಅಂದು ಪೂಜೆಯಿಲ್ಲದ ಯಂತ್ರವುಂಟೇ? ಶ್ರೀಕಂಠಸ್ವಾಮಿ ಕೂರ್ಮನ ಬೆನ್ನಿಗೆ ವಿಭೂತಿಯ ಮೂರು ಪಟ್ಟೆ ಎಳೆದು, ಕುಂಕುಮವಿಟ್ಟು, ಕುಂಬಳಕಾಯಿ ಒಡೆದ. ಧರ್ಮಪತ್ನಿ ಸರ್ವಮಂಗಳಮ್ಮ ಬಾಳೆನಾರಿನಲ್ಲಿ ಚೆಂಡುಹೂವಿನ ಹಾರ ಕಟ್ಟಿ ತಂದಳು. ನಾಯಕನು ಅದನ್ನು ಎರಡು ಬೆರಳಲ್ಲಿ ಎಳೆದು ನೋಡಿದ.

"ಈ ನಾರಿಗೆ ಟೆನ್ಸೈಲ್ ಸ್ಟ್ರೆಂತ್ ಎಲ್ಲಿದೆಯೇ? ಎಳೆದ್ರೆ ಕಿತ್ತುಹೋಗತ್ತೆ, ನೀರಲ್ಲಿ ನಿಲ್ಲೋಲ್ಲ," ಎಂದವನೇ, ಹೂವನ್ನೆಲ್ಲ ಬಿಚ್ಚಿ, ಪಾರ್ಸೆಲ್ಲಿಗೆ ಸುತ್ತುವ ನೀಲಿ ನೈಲಾನ್ ದಾರದಲ್ಲಿ ತಾನೇ ಮತ್ತೆ ಕಟ್ಟಿದ. ಹಾರಸಮೇತ ಯಂತ್ರವನ್ನು ನೀರಿಗಿಳಿಸಿ, ಕೊಳದ ತುಂಬ ಒಂದು ಮೆರವಣಿಗೆ ಮಾಡಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಯಂತ್ರದ ಹೊಟ್ಟೆಯಲ್ಲಿ ಹೂವಿನ ಎಸಳು ಸಿಕ್ಕಿದವು, ಅವನ್ನು ಗಿಡಕ್ಕೆ ಹಾಕಿ ಎಲ್ಲರೂ ಹೋಳಿಗೆ ತಿನ್ನಲು ಹೋದರು.

ಮಾರನೆಯ ದಿನದಿಂದ ಕೂರ್ಮನ ಬುದ್ಧಿ ಕೆಟ್ಟಿತು. ನೆಟ್ಟಗೆ ಹೊರಟದ್ದು ಎಡಕ್ಕೆ ತಿರುಗುವುದು, ತಿರುಗಿದ್ದು ಮತ್ತೂ ಎಡಕ್ಕೆ ತಿರುಗುವುದು. ಇಡೀ ಕೊಳವನ್ನು ಮೂರು ಸಲ ಗುಡಿಸಿದರೂ ಈಶಾನ್ಯ ಮೂಲೆಯತ್ತ ಮಾತ್ರ ಮುಖ ಹಾಕದು. ಅಲ್ಲಿ ಮರಕತವರ್ಣದ ಪಾಚಿ ಹುಟ್ಟಿತು, ಹರಡಿತು, ನೆಲೆಯೂರಿತು.

ಆ ಮೂಲೆಯಲ್ಲೇ ಕೊಳಕ್ಕಿಳಿಯುವ ಮೆಟ್ಟಿಲು. ಸರ್ವಮಂಗಳಮ್ಮನ ಮಂಡಿ ಸವೆದಿತ್ತು. ದಿನಾ ಅರ್ಧ ಗಂಟೆ ನೀರಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದ ಮೇಲೆ ಎರಡು ತಿಂಗಳಲ್ಲಿ ಆಕೆ ಕೋಲು ಬಿಟ್ಟಿದ್ದಳು. ಐದನೆಯ ದಿನ ಕೊನೆಯ ಮೆಟ್ಟಿಲಿನ ಕೆಳಗೆ ಕಾಲಿಟ್ಟವಳು ಸರ್ರನೆ ಜಾರಿ, ಕಂಬಿ ಹಿಡಿದು ಹೇಗೋ ಉಳಿದುಕೊಂಡಳು. ಮೇಲೆ ಬಂದು ಸೀರೆ ಸುತ್ತಿಕೊಂಡು ಹೇಳಿದಳು:

"ಆ ಪಾಚಿ ಹೋಗೋವರ್ಗೂ ನಾನು ಇಳಿಯೋಲ್ಲ ಕಣ್ರೀ. ಭಯ ಆಗತ್ತೆ."

ಸಂಜೆಗೆ ಕೋಲು ಮತ್ತೆ ಕೈಗೆ ಬಂತು. ಅದು ನೆಲಕ್ಕೆ ಟಕ್ ಎಂದಾಗಲೆಲ್ಲ ಶ್ರೀಕಂಠಸ್ವಾಮಿಯ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ನಿಜ ಹೇಳಬೇಕೆಂದರೆ ಆತನಿಗೆ ತುಂಬ ನೋವಾಯಿತು. ಆದರೆ ವೀರರು ನೋವಾದಾಗ ಅಳುವುದಿಲ್ಲ, ಪ್ರತಿಜ್ಞೆ ಮಾಡುತ್ತಾರೆ.

ಜವರಯ್ಯ ಬ್ರಷ್ಷಿಗೆ ಕೈಹಾಕಿದ್ದ. "ಎಲ್ಡ್ ನಿಮ್ಸ ಬುಡಿ ಸಾರ್, ಉಜ್ಬುಡ್ತೀನಿ."

"ಮುಟ್ಟಬೇಡಿ ಜವರಯ್ಯ! ನಾನು ತರಿಸಿದ ಯಂತ್ರ, ಅದರ ಕೈಲೇ ಮಾಡಿಸ್ತೀನಿ!" ಎಂದು ನಾಯಕನು ಅಬ್ಬರಿಸಿ, ಕೊಳದ ಅಂಚಿನಲ್ಲಿ ನಿಂತು ಮನಸ್ಸಿನೊಳಗೆ ಹೀಗೆ ಗರ್ಜಿಸಿದನು: "ಎಲೈ ಜಡಬುದ್ಧಿಯ ಜಲಚರಾಧಮನೇ! ಹೇಮಾವತಿಯನ್ನೇ ಪೈಪಿನಲ್ಲಿ ಬಗ್ಗಿಸಿದ ಈ ಬಾಹುಗಳ ಮುಂದೆ ನಿನ್ನ ವಾಮಾವರ್ತದ ವಂಚನೆ ಎಷ್ಟು ದಿನ? ಈಶಾನ್ಯದ ಹರಿದ್ವರ್ಣ ಶತ್ರುವನ್ನು ನಿನ್ನಿಂದಲೇ ನಿರ್ಮೂಲ ಮಾಡಿಸದಿದ್ದರೆ ನಾನು ಕಾರ್ಯದರ್ಶಿಯೇ ಅಲ್ಲ!" ಬಾಯಿಂದ ಹೊರಟದ್ದು ಮಾತ್ರ, "ಏಯ್, ಆ ಕಡೆ ಹೋಗೋ!" ಎಂಬಷ್ಟೇ.

ಆರನೆಯ ದಿನ ಶೋಧಕಭೇದನಪರ್ವ. ನಾಯಕನು ಯಂತ್ರದ ಹೊಟ್ಟೆ ಬಗೆದು, ಚೀಲವನ್ನು ಹೊರಗೆಳೆದು, ಮನೆಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಡಿದು ಬಡಿದು ತೊಳೆದನು. ಕೂರ್ಮನು ಹೊಸ ಹುರುಪಿನಿಂದ ನೀರಿಗಿಳಿದು, ಮೊದಲಿಗಿಂತ ಚುರುಕಾಗಿ ಎಡಕ್ಕೆ ತಿರುಗಿದನು.

ಏಳನೆಯ ದಿನ ವೈರಿನ ಮೇಲೆ ಯುದ್ಧ. ಬಾಲ ಹುರಿಗೊಂಡಿದ್ದರೆ ಯಂತ್ರ ದಾರಿ ತಪ್ಪುತ್ತದೆಂದು ಅದರ ಜೊತೆ ಬಂದ ಪುಸ್ತಿಕೆಯಲ್ಲಿತ್ತು. ಇಪ್ಪತ್ತು ಮೀಟರ್ ವೈರನ್ನು ಬಿಡಿಸಿ, ಪಾರ್ಕಿಂಗಿನ ಉದ್ದಕ್ಕೂ ಬಿಸಿಲಿಗೆ ಹಾಸಿ, ಕಾರು ಹತ್ತದಂತೆ ಮಧ್ಯಾಹ್ನವಿಡೀ ಛತ್ರಧಾರಿಯಾಗಿ ಕಾವಲು ನಿಂತನು. ವೈರು ನೆಟ್ಟಗಾಯಿತು. ಕೂರ್ಮ ಆಗಲಿಲ್ಲ.

ಎಂಟನೆಯ ದಿನ, ಗೋಡೆಯಿಂದ ಚಿಮ್ಮುವ ನೀರೇ ಯಂತ್ರವನ್ನು ದೂಡುತ್ತಿದೆಯೆಂದು ಊಹಿಸಿ, ನೀರಿನ ಬಾಯಿಗಳನ್ನೆಲ್ಲ ಕೆಳಮುಖ ತಿರುಗಿಸಲು ಬಾಗಿದಾಗ ಕನ್ನಡಕ ಕೊಳಕ್ಕೆ ಬಿತ್ತು. ಕೊಳಕ್ಕೆ ಬಂದ ಮೂರು ತಿಂಗಳಲ್ಲಿ ಯಾವ ದೊಡ್ಡ ವಸ್ತುವನ್ನೂ ನುಂಗದ ಯಂತ್ರವು ಅದರತ್ತ ಮಾತ್ರ ನೆಟ್ಟಗೆ ಬಂತು. ಜವರಯ್ಯ ಬಲೆ ಹಾಕಿ ಕನ್ನಡಕ ಉಳಿಸಿದ.

"ಎಲ್ಡ್ ನಿಮ್ಸ ಸಾರ್..."

"ಬೇಡ ಅಂದ್ನಲ್ಲ!"

ಒಂಬತ್ತನೆಯ ಬೆಳಗ್ಗೆ ಪರಾಜಿತನಾದ ನಾಯಕನು ಯಂತ್ರವನ್ನು ಕಟ್ಟೆಯ ಮೇಲೆ ಅಂಗಾತ ಮಲಗಿಸಿ, ತಲೆಗೆ ಕೈಹೊತ್ತು ಕುಳಿತಿದ್ದನು. ಸರ್ವಮಂಗಳಮ್ಮ ಕೋಲೂರಿಕೊಂಡು ಕಾಫಿ ತಂದಳು. ಲೋಟ ಕೊಡುತ್ತ ಬಗ್ಗಿದವಳು ಹಾಗೇ ನಿಂತಳು.

"ರೀ, ಆ ಎಡಗಡೆ ಚಕ್ರದ ಸಂದೀಲಿ ನೀಲಿ ಕಾಣ್ತಿದೆಯಲ್ಲ, ಏನದು?"

"ಅದು ಯಂತ್ರದ್ದೇ ಇರ್ಬೇಕು."

"ಯಂತ್ರದ್ದಾ? ನೀವು ಪೂಜೇಗೆ ಹಾರ ಕಟ್ಟಿದ ದಾರ ಅಲ್ವೇನ್ರೀ?"

ಅಹೋ! ಶ್ರೀಕಂಠಸ್ವಾಮಿ ಕತ್ತರಿ ತಂದು, ಚಕ್ರದ ಅಚ್ಚಿಗೆ ಹನ್ನೆರಡು ಸುತ್ತು ಬಿಗಿದುಕೊಂಡಿದ್ದ ನೈಲಾನ್ ಪಾಶವನ್ನು ಒಂದೊಂದಾಗಿ ಬಿಡಿಸಿದನು. ಒಂಬತ್ತು ದಿನ ಆ ಬಡಪಾಯಿ ಯಂತ್ರ ಒಂದು ಕಾಲು ಎಳೆದುಕೊಂಡೇ ಕೊಳ ಗುಡಿಸಿತ್ತು. ದಾರ ಒಂದು ಎಳೆಯೂ ಸವೆದಿರಲಿಲ್ಲ.

"ಬಾಳೆನಾರಾಗಿದ್ರೆ ಎರಡು ದಿನಕ್ಕೆ ಕೊಳ್ತು ಉದುರಿಹೋಗ್ತಿತ್ತು," ಎಂದಳು ಸರ್ವಮಂಗಳಮ್ಮ, ಯಾರಿಗೂ ಅಲ್ಲ ಎಂಬಂತೆ. ನಾಯಕನು ಕಾಫಿ ಬಿಸಿಯಿದೆಯೆಂಬ ನೆಪದಲ್ಲಿ ಲೋಟವನ್ನು ಊದತೊಡಗಿದನು.

ಪಾಶವಿಮುಕ್ತನಾದ ಕೂರ್ಮನು ನೀರಿಗಿಳಿದನು. ನೆಟ್ಟಗೆ ಹೊರಟನು, ನೆಟ್ಟಗೆ ನಡೆದನು, ಈಶಾನ್ಯವನ್ನು ಹೊಕ್ಕನು! ಕಟ್ಟೆಯ ಮೇಲೆ ಗಂಡ, ಹೆಂಡತಿ, ತೋಟದಿಂದ ಬಂದು ನಿಂತ ಜವರಯ್ಯ ಮೂವರೂ ಬಗ್ಗಿ ನೋಡಿದರು. ಕೂರ್ಮನು ಪಾಚಿಯ ಮೇಲೆ ಹಾದುಹೋದನು, ಮತ್ತೆ ಹಾದುಹೋದನು, ಏಳು ಸಲ ಹಾದುಹೋದನು. ಪಾಚಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಒಂಬತ್ತು ದಿನ ಬಿಟ್ಟದ್ದಕ್ಕೆ ಅದು ಅಲ್ಲೇ ಗಟ್ಟಿಯಾಗಿ ಅಂಟಿಕೊಂಡಿತ್ತು.

ಜವರಯ್ಯ ಈ ಸಲ ಪಂಪಿನ ಕೋಣೆಯತ್ತ ಒಮ್ಮೆ ನೋಡಿದ, ಅಷ್ಟೇ.

ಶ್ರೀಕಂಠಸ್ವಾಮಿ ಹೆಂಡತಿಯ ಕೈಯಲ್ಲಿದ್ದ ಕೋಲನ್ನು ನೋಡಿದನು. ಆಮೇಲೆ ಎದ್ದು ತಾನೇ ಹೋಗಿ ಬ್ರಷ್ಷು ತಂದನು. ನಾಲ್ಕು ಜಿಲ್ಲೆಗೆ ನೀರು ಕೊಟ್ಟ ಈ ಭಗೀರಥನು ಹುಟ್ಟಿದಾಗಿನಿಂದ ಮೊಣಕಾಲಿಗಿಂತ ಆಳದ ನೀರಿಗಿಳಿದವನಲ್ಲ. ಪಂಚೆಯನ್ನು ಎತ್ತಿ ಕಟ್ಟಿ, ಒಂದು ಕೈಯಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದು, ಒಂದೊಂದೇ ಮೆಟ್ಟಿಲಿಳಿದು, ಸೊಂಟದುದ್ದ ನೀರಿನಲ್ಲಿ ನಡುಗುತ್ತ ನಿಂತು ಉಜ್ಜಿದನು.

"ಒಸಿ ಒತ್ತಿ ಸಾರ್. ಹಂಗೇ. ಇನ್ನೊಸಿ ಬಲಕ್ಕೆ," ಎಂದು ಜವರಯ್ಯ ದಡದಿಂದ ಸಾರಥ್ಯ ವಹಿಸಿದ.

ಪಾಚಿ ಹೋಯಿತು. ಪಂಪಿನ ಕೋಣೆಯ ಗೋಡೆ ಗಡಿಯಾರದ ಪ್ರಕಾರ ಜವರಯ್ಯ ಹೇಳಿದ್ದ ಎರಡು ನಿಮಿಷಕ್ಕೆ ಇನ್ನೂ ಹತ್ತು ಸೆಕೆಂಡು ಉಳಿದಿತ್ತು.

ಸರ್ವಮಂಗಳಮ್ಮ ಕೋಲನ್ನು ಬೆಂಚಿಗೆ ಒರಗಿಸಿ, ಗಂಡ ಚಾಚಿದ ಒದ್ದೆ ಕೈ ಹಿಡಿದು ಇಳಿದಳು. ಕೊನೆಯ ಮೆಟ್ಟಿಲಿನ ಕೆಳಗೆ ಕಾಲ್ಬೆರಳಲ್ಲಿ ಒತ್ತಿ ನೋಡಿದಳು. ಜಾರಲಿಲ್ಲ. ಅರ್ಧ ಗಂಟೆ ನಡೆದಳು. ಮೇಲೆ ಬರಲು ಹೆದರಿಕೆಯಾದ್ದರಿಂದ ವೀರನೂ ಅಷ್ಟು ಹೊತ್ತು ಕಂಬಿ ಹಿಡಿದು ಅಲ್ಲೇ ನಿಂತಿದ್ದನು.

ಸಂಜೆ ಆತನು ಅಡುಗೆಮನೆಗೆ ಬಂದಾಗ, ಆಕೆ ಕಾಫಿಪುಡಿಯ ಪೊಟ್ಟಣದ ಬಾಯಿಯನ್ನು ಒಂದು ತುಂಡು ನೀಲಿ ದಾರದಿಂದ ಕಟ್ಟುತ್ತಿದ್ದಳು. ಗಂಟು ಹಾಕಿ, ಎರಡು ಬೆರಳಲ್ಲಿ ಎಳೆದು ನೋಡಿ, ತಲೆಯಾಡಿಸಿದಳು.

"ಟೆನ್ಸೈಲ್ ಸ್ಟ್ರೆಂತ್ ಚೆನ್ನಾಗಿದೆ ಕಣ್ರೀ."