ಡ್ರಮ್ಮಿಗೆ ಕಾಲು ತಾಗಿದ ಪ್ರಸಂಗ

ತಾಳಕ್ಕೂ ನನಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ ಸಂಬಂಧ. ಭಜನೆಯಲ್ಲಿ ನಾನು ಚಪ್ಪಾಳೆ ತಟ್ಟಿದರೆ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಿದ್ದರು. ಅಂಥವನು ಈಗ ಪರದೇಶದ ಪಾಮರ್ಸ್ಟನ್ ನಾರ್ತ್ ಎಂಬ ಊರಿನ ಡ್ರಮ್ ಮತ್ತು ಬ್ಯೂಗಲ್ ತಂಡವೊಂದರಲ್ಲಿ ದೊಡ್ಡ ಡ್ರಮ್ ಬಾರಿಸುತ್ತೇನೆ ಎಂದರೆ ನೀವು ನಗಬಹುದು. ನನ್ನ ಹೆಂಡತಿ ಇನ್ನೂ ನಗುತ್ತಿದ್ದಾಳೆ. ಬ್ಯೂಗಲ್ ಊದುವ ಮಗಳು ಅನಘಳನ್ನು ಪ್ರತಿ ಭಾನುವಾರ ಮೈದಾನಕ್ಕೆ ಬಿಟ್ಟು, ಕಾರಿನಲ್ಲೇ ಕಾಯುತ್ತಿದ್ದೆ. ಡ್ರಮ್ ಹೊರುವವರೊಬ್ಬರು ಊರು ಬಿಟ್ಟಾಗ ತಂಡದ ನಿರ್ದೇಶಕಿ ಹೆಲೆನ್ ಕಾರಿನ ಕಿಟಕಿಯಲ್ಲಿ ಇಣುಕಿ, ನನ್ನ ಹೊಟ್ಟೆ ನೋಡಿ, ಡ್ರಮ್ ಆನಿಸಲು ಇದಕ್ಕಿಂತ ಪ್ರಶಸ್ತವಾದ ಜಾಗವಿಲ್ಲವೆಂದು ತೀರ್ಮಾನಿಸಿದರು. ಮನೆಯಲ್ಲಿ ಸದಾ ಕೋಣೆಯ ಬಾಗಿಲು ಹಾಕಿಕೊಂಡಿರುವ ಹದಿನಾರರ ಮಗಳ ಹಿಂದೆಯೇ ವಾರಕ್ಕೊಮ್ಮೆ ನಡೆಯುವ ಅವಕಾಶ. ನನಗೆ ಖುಷಿಯೋ ಖುಷಿ.

ಆದರೆ ಹೆಲೆನ್‌ಗೆ ಹೊಸತನದ ಹುಚ್ಚು. "ಸುಮ್ಮನೆ ನಡೆದು ಬಾರಿಸಿದರೆ ಈಗ ಯಾರೂ ನೋಡಲ್ಲ" ಎಂದು ಒಮ್ಮೆ ನಮ್ಮನ್ನು ಅಲೆಗಳಂತೆ ತೂಗಾಡಿಸಿದರು, ಇನ್ನೊಮ್ಮೆ ಹುಲ್ಲಿನ ಮೇಲೆ ಉರುಳಿಸಿದರು. ಉರುಳುಸೇವೆಯ ಹರಕೆ ಹೊತ್ತವನಂತೆ ನಾನೂ ಉರುಳಿದೆ, ಬೇರೆ ದಿಕ್ಕಿಗೆ. "ಇನ್ನೊಂದು ತಪ್ಪಾದರೆ ನೀವು ನೀರಿನ ಟ್ರಾಲಿ ತಳ್ಳಬೇಕಾಗುತ್ತೆ" ಎಂಬ ಎಚ್ಚರಿಕೆ ಸಿಕ್ಕಿತು. ಆಮೇಲೆ ಬಂತು ಮಹಾ ಆವಿಷ್ಕಾರ: ಡ್ರಮ್ಮುಗಳನ್ನು ನೆಲಕ್ಕಿಟ್ಟು, ಬ್ಯೂಗಲ್ ಮೊಳಗುತ್ತಿರುವಾಗ ಅವುಗಳ ನಡುವೆ ಹಿಮ್ಮುಖವಾಗಿ ನಡೆಯುವುದು. ನಡೆದೆ. ಹಸು ಸಾಕುವ ಟಾಮ್ ಎಂಬವನ ಡ್ರಮ್ಮಿಗೆ ನನ್ನ ಕಾಲು ತಾಗಿತು. ಯೋಚಿಸುವ ಮೊದಲೇ ಬಗ್ಗಿ, ಡ್ರಮ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹಿಮ್ಮುಖವಾಗಿಯೇ ಬರುತ್ತಿದ್ದ ಟಾಮ್ ನನ್ನ ಬೆನ್ನ ಮೇಲೆ ಕೂತುಬಿಟ್ಟ. ಬ್ಯೂಗಲ್‌ಗಳು ಗಕ್ಕನೆ ನಿಂತವು. "ಅಪ್ಪಾ, ವೈ?" ಎಂದಳು ಅನಘ, ಭೂಮಿ ಬಾಯಿ ಬಿಡಬಾರದೇ ಎಂಬ ಮುಖ ಮಾಡಿಕೊಂಡು.

"ನಮ್ಮಲ್ಲಿ ವಾದ್ಯ ಅಂದ್ರೆ ಸರಸ್ವತಿ. ಕಾಲು ತಾಗಿದ್ರೆ ಕ್ಷಮೆ ಕೇಳ್ತೀವಿ" ಎಂದು ತೊದಲಿದೆ. ಟ್ರಾಲಿ ಕಣ್ಣ ಮುಂದೆ ಬಂತು. ಹೆಲೆನ್ ಮಾತ್ರ, "ಬ್ಯೂಟಿಫುಲ್! ಎಲ್ಲರೂ ಇದನ್ನೇ ಮಾಡೋಣ" ಎಂದರು. ಅಲ್ಲಿಂದ ಮುಂದೆ ನರ್ಸು, ಪ್ಲಂಬರ್, ಮೇಷ್ಟ್ರು ಎಲ್ಲರೂ ಮುಂದಿದ್ದ ತಂಡಗಳ ಸ್ಪರ್ಧೆಗೆಂದು ವಾರಗಟ್ಟಲೆ ಡ್ರಮ್ಮಿಗೆ ಕಾಲು ತಾಗಿಸಿ, ಬಗ್ಗಿ, ಕಣ್ಣಿಗೊತ್ತಿಕೊಂಡರು. ಟಾಮ್ ಅಂತೂ ಊಟದ ಡಬ್ಬಿಗೆ ಕಾಲು ತಾಗಿದರೂ ಬಗ್ಗತೊಡಗಿದ. ಇದಕ್ಕೆಲ್ಲ ನಾನೇ ಗುರು ಎಂದು ಬೀಗಿದ್ದೇ ಬೀಗಿದ್ದು; ಮೈಸೂರಿನ ಅತ್ತೆಗೂ ಫೋನ್ ಮಾಡಿ ಹೇಳಿದೆ.

ಸ್ಪರ್ಧೆಯ ದಿನ ಅಷ್ಟೂ ಜನ ಒಟ್ಟಿಗೆ ಬಗ್ಗಿದರು. ನನ್ನ ಕಾಲು ಮಾತ್ರ ಡ್ರಮ್ಮಿಗೆ ತಾಗಲೇ ಇಲ್ಲ. ತಪ್ಪೇ ಮಾಡದೆ ಕ್ಷಮೆ ಕೇಳುವುದು ಹೇಗೆ? ಡ್ರಮ್ ಹುಡುಕಿ, ಒದ್ದು, ಬಗ್ಗುವಷ್ಟರಲ್ಲಿ ಉಳಿದವರು ಎದ್ದು ನಿಂತಿದ್ದರು. ತೀರ್ಪುಗಾರರು ತಂಡವನ್ನು ಬಾಯ್ತುಂಬ ಹೊಗಳಿ, "ಹಿಂದಿನ ಸಾಲಿನ ಒಬ್ಬರಿಗೆ ಮಾತ್ರ ಈ ಸಂಪ್ರದಾಯ ಇನ್ನೂ ಮೈಗೂಡಿಲ್ಲ" ಎಂದರು. ಅನಘ ಬಿದ್ದು ಬಿದ್ದು ನಕ್ಕು, ಎಲ್ಲರೆದುರೇ ನನ್ನ ತೋಳು ಹಿಡಿದುಕೊಂಡಳು, ಅದೊಂದು ಸಮಾಧಾನ. ಹೆಲೆನ್ ನಗಲಿಲ್ಲ. ಟ್ರಾಲಿ ಬೇಡವಾದರೆ ಪಾಠ ಹೇಳಿಸಿಕೊಳ್ಳಿ ಎಂದರು. ಹಾಗಾಗಿ ಬರುವ ಭಾನುವಾರ ಅರ್ಧ ಗಂಟೆ ಮೊದಲೇ ಹೋಗಬೇಕು. ಸರಸ್ವತಿಗೆ ನಮಸ್ಕಾರ ಮಾಡುವುದನ್ನು ಟಾಮ್ ಹೇಳಿಕೊಡುತ್ತಾನೆ.